ಗಂಟುನೋವಿನವರ ಕಾಲು ಬಾತುಕೊಂಡಾಗ

ಬೆಳಿಗ್ಗೆ ಸಲೀಸಾಗಿ ಹಾಕಿಕೊಂಡ ಚಪ್ಪಲಿ ಸಂಜೆಯಾಗುತ್ತಲೇ ಬಿಗಿಯಾಗುತ್ತದೆ. ಸಾಕ್ಸ್ ತೆಗೆದರೆ ಎಲಾಸ್ಟಿಕ್‌ನ ಗೆರೆ ಚರ್ಮದಲ್ಲಿ ಅಚ್ಚೊತ್ತಿದಂತೆ ಉಳಿದಿರುತ್ತದೆ. ಕಣಕಾಲಿನ ಎರಡೂ ಬದಿಗಳಲ್ಲಿ ಕಾಣಬೇಕಾದ ಎಲುಬಿನ ಉಬ್ಬು ಊತದೊಳಗೆ ಮುಚ್ಚಿಹೋಗಿರುತ್ತದೆ. ರಾತ್ರಿ ಮಲಗಿದಾಗ ಕಾಲು ಭಾರವಾದಂತೆ, ಸಿಡಿದಂತೆ ಅನಿಸುತ್ತದೆ.

ಇದು ನಿಮ್ಮದೇ ಅನುಭವವಾಗಿರಬಹುದು. ಇಲ್ಲವಾದರೆ ನಿಮ್ಮ ತಾಯಿಯದ್ದೋ ಅತ್ತೆಯದ್ದೋ ಆಗಿರಬಹುದು. ಹೆಚ್ಚಿನ ಮನೆಗಳಲ್ಲಿ ಇದಕ್ಕೆ ದೊರೆಯುವ ಉತ್ತರ ಒಂದೇ: "ವಾತ ಅಲ್ಲವೇ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ." ಮಗನನ್ನು ಮೆಡಿಕಲ್‌ಗೆ ಕಳುಹಿಸಿ ನೋವಿನ ಮಾತ್ರೆ ತರಿಸುತ್ತಾರೆ. ಅದನ್ನು ನುಂಗಿ ಮತ್ತೆ ಅಡುಗೆ ಮನೆಗೆ ಹೋಗುತ್ತಾರೆ. ನೋವು ಸ್ವಲ್ಪ ಇಳಿಯುತ್ತದೆ. ಆದರೆ ಊತ? ಅದು ಹಾಗೆಯೇ ಇರುತ್ತದೆ, ಕೆಲವೊಮ್ಮೆ ಹೆಚ್ಚುತ್ತದೆ ಕೂಡಾ.

ಊತವೆಂಬುದು ಒಂದು ರೋಗವಲ್ಲ, ಅದು ಒಂದು ಸೂಚನೆ. ಗಂಟುನೋವು ಇರುವವರ ಕಾಲು ಬಾತುಕೊಂಡರೆ ಅದಕ್ಕೆ ಗಂಟೇ ಕಾರಣ ಎಂದು ಹೇಳಲಾಗದು. ಹೃದಯ, ಕಿಡ್ನಿ, ರಕ್ತನಾಳ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ನೋವಿಗೆಂದು ನುಂಗುವ ಮಾತ್ರೆಯೇ ಕಾರಣವಾಗಿರಲೂಬಹುದು. ಆದ್ದರಿಂದ ಊತವನ್ನು ಇಳಿಸುವುದಕ್ಕೆ ಮೊದಲು ಅದು ಎಲ್ಲಿಂದ ಬಂತು ಎಂದು ತಿಳಿಯಬೇಕು.

ಪಾದವೇಕೆ ಬಾತುಕೊಳ್ಳುತ್ತದೆ?

ನಮ್ಮ ಒಂದು ಪಾದದಲ್ಲಿ 26 ಎಲುಬುಗಳೂ 33 ಸಂದುಗಳೂ ಇವೆ. ಇಡೀ ದೇಹದ 206 ಎಲುಬುಗಳಲ್ಲಿ ಕಾಲು ಭಾಗದಷ್ಟು ಎರಡು ಪಾದಗಳಲ್ಲೇ ಇವೆ! ದಿನವಿಡೀ ದೇಹದ ಭಾರವನ್ನು ಹೊರುವ ಈ ಸಂದುಗಳಿಗೆ ಸಂಧಿವಾತ ತಗಲಿದರೆ ಊತ ಬರುವುದು ಆಶ್ಚರ್ಯವೇನಲ್ಲ. ಆದರೆ ಸಂಧಿವಾತದಲ್ಲಿ ಹಲವು ವಿಧಗಳಿವೆ. ಅವುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು.

ಮೊದಲನೆಯದು ಗಂಟು ಸವೆತ. ಎಲುಬಿನ ತುದಿಯನ್ನು ಮುಚ್ಚಿರುವ ಮೃದ್ವಸ್ಥಿ ಸವೆದಾಗ ಬರುವಂಥದ್ದು. ಹೆಚ್ಚು ಹೊತ್ತು ನಿಂತರೆ, ನಡೆದರೆ ನೋವು ಮತ್ತು ಊತ ಹೆಚ್ಚುತ್ತದೆ. ವಿಶ್ರಾಂತಿ ಪಡೆದರೆ ಇಳಿಯುತ್ತದೆ.

ಎರಡನೆಯದು ರುಮಟಾಯ್ಡ್ ಸಂಧಿವಾತ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಸಂದುಗಳ ಒಳಪದರದ ಮೇಲೆ ದಾಳಿ ಮಾಡುವ ರೋಗವಿದು. ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಇದು ಮುದುಕರ ಕಾಯಿಲೆ ಎಂದು ಭಾವಿಸಬೇಡಿ. ಮೂವತ್ತರ ಹರೆಯದ ತಾಯಂದಿರಿಗೂ ಬರುತ್ತದೆ. ಎರಡೂ ಕೈಗಳ, ಎರಡೂ ಪಾದಗಳ ಸಣ್ಣ ಸಂದುಗಳು ಒಟ್ಟಿಗೆ ಬಾತುಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆ, ಒಂದು ಗಂಟೆಯವರೆಗೂ ಬೆರಳುಗಳು ಬಿಗಿದುಕೊಂಡಿರುತ್ತವೆ. ನೆಲಕ್ಕೆ ಕಾಲಿಟ್ಟರೆ ಕಲ್ಲು ತುಳಿದಂತಾಗುತ್ತದೆ.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಸಂದಿನಲ್ಲಿ ಹರಳುಗಟ್ಟಿದಾಗ ಬರುತ್ತದೆ. ಹೆಚ್ಚಾಗಿ ರಾತ್ರೋರಾತ್ರಿ ಹೆಬ್ಬೆರಳಿನ ಬುಡ ಕೆಂಪಾಗಿ, ಬಿಸಿಯಾಗಿ, ಹೊದಿಕೆ ತಾಗಿದರೂ ಸಹಿಸಲಾಗದಷ್ಟು ನೋಯುತ್ತದೆ. ಪುರುಷರಲ್ಲಿ ಹೆಚ್ಚು. ಮುಟ್ಟು ನಿಂತ ಬಳಿಕ ಮಹಿಳೆಯರಲ್ಲೂ ಕಂಡುಬರುತ್ತದೆ.

ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಒಬ್ಬರಿಗೆ ಗುಣ ನೀಡಿದ ಔಷಧಿಯನ್ನು ಇನ್ನೊಬ್ಬರು ನುಂಗಬಾರದು ಎನ್ನುವುದು ಇದಕ್ಕಾಗಿಯೇ.

ಹೆಬ್ಬೆರಳಿನಿಂದ ಒತ್ತಿ ನೋಡಿ

ಮನೆಯಲ್ಲೇ ಒಂದು ಸರಳ ಪರೀಕ್ಷೆ ಮಾಡಬಹುದು. ಕಣಕಾಲಿಗಿಂತ ಸ್ವಲ್ಪ ಮೇಲೆ, ಕಾಲಿನ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳನ್ನಿಟ್ಟು ಹತ್ತು ಸೆಕೆಂಡು ಮೆಲ್ಲನೆ ಒತ್ತಿ ಹಿಡಿಯಿರಿ. ಬೆರಳು ತೆಗೆದ ಮೇಲೆ ಅಲ್ಲಿ ಕುಳಿ ಬಿದ್ದು ಸ್ವಲ್ಪ ಹೊತ್ತು ಹಾಗೆಯೇ ಉಳಿದರೆ ಚರ್ಮದಡಿ ನೀರು ತುಂಬಿದೆ ಎಂದರ್ಥ. ಇಂತಹ ಊತ ಎರಡೂ ಕಾಲುಗಳಲ್ಲಿ ಇದ್ದರೆ ಹೃದಯ, ಕಿಡ್ನಿ, ಲಿವರ್, ರಕ್ತಹೀನತೆ, ಥೈರಾಯ್ಡ್ ಇವುಗಳನ್ನು ಪರೀಕ್ಷಿಸಿಕೊಳ್ಳಬೇಕು. ಬಳಸುವ ಔಷಧಿಗಳ ಕಡೆಗೂ ಗಮನ ಕೊಡಬೇಕು.

ಸಂದಿನ ಸುತ್ತ ಮಾತ್ರ ಊತವಿದ್ದು, ಮುಟ್ಟಿದರೆ ಬಿಸಿಯಾಗಿ, ಅಲುಗಾಡಿಸಿದರೆ ನೋವಾಗುವುದಾದರೆ ಅದು ಗಂಟಿನ ಊತವಾಗಿರುವ ಸಾಧ್ಯತೆ ಹೆಚ್ಚು. ಕರಾವಳಿ ಮತ್ತು ಕಲಬುರಗಿ ಭಾಗದಲ್ಲಿ ಆನೆಕಾಲು ರೋಗವೂ ಇದ್ದುದರಿಂದ, ಒಂದು ಕಾಲು ಮಾತ್ರ ತಿಂಗಳುಗಟ್ಟಲೆ ಬಾತುಕೊಂಡೇ ಇದ್ದರೆ ಅದನ್ನೂ ವೈದ್ಯರ ಗಮನಕ್ಕೆ ತನ್ನಿ.

ಈ ಪರೀಕ್ಷೆ ವೈದ್ಯರ ಬದಲಿಗೆ ಅಲ್ಲ. ಅವರಿಗೆ ಸರಿಯಾದ ಮಾಹಿತಿ ನೀಡಲು ಮಾತ್ರ. ಊತ ಬೆಳಿಗ್ಗೆಯೇ ಸಂಜೆಯೇ, ಒಂದು ಕಾಲೇ ಎರಡೇ, ಎಂದಿನಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಮಾತ್ರೆಯೇ ಊತ ತಂದಾಗ

ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವು ನಿವಾರಕಗಳು ನಮ್ಮ ಮನೆಗಳಲ್ಲಿ ಮಿಠಾಯಿಯಂತೆ ಬಳಕೆಯಾಗುತ್ತಿವೆ. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಸೇವಿಸಿದರೆ ಅವು ಉಪಕಾರಿಗಳೇ. ಆದರೆ ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗಳು ಉಪ್ಪನ್ನೂ ನೀರನ್ನೂ ಹೊರಹಾಕದೆ ದೇಹದಲ್ಲಿ ಉಳಿಸಿಕೊಳ್ಳುತ್ತವೆ. ರಕ್ತದೊತ್ತಡ ಏರುತ್ತದೆ. ಕಾಲು ಬಾತುಕೊಳ್ಳುತ್ತದೆ. ಕಾಲು ಬಾತುಕೊಂಡಿತೆಂದು ಇನ್ನೊಂದು ಮಾತ್ರೆ ನುಂಗುತ್ತೇವೆ! ಹೊಟ್ಟೆಯ ಹುಣ್ಣು, ಕಿಡ್ನಿಯ ಹಾನಿ ಈ ದಾರಿಯಲ್ಲೇ ಬರುತ್ತವೆ. ಈಗಾಗಲೇ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಇನ್ನಷ್ಟು ಎಚ್ಚರ ವಹಿಸಬೇಕು.

ಬಿಪಿಗೆ ನೀಡುವ ಅಮ್ಲೋಡಿಪಿನ್ ಮಾತ್ರೆಯಿಂದಲೂ ಕೆಲವರ ಕಣಕಾಲು ಊದಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಗೆ ನೀಡುವ ಪಯೋಗ್ಲಿಟಜೋನ್‌ನಿಂದಲೂ ಹಾಗೆಯೇ. ಹಾಗೆಂದು ಅವನ್ನು ನೀವೇ ನಿಲ್ಲಿಸಬೇಡಿ. ಮಾತ್ರೆಗಳ ಎಲ್ಲ ಪಟ್ಟಿಗಳನ್ನು ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಇಡಿ. ಬದಲಿ ಔಷಧಿಗಳು ಇವೆ.

ಹೆಸರು, ವಿವರ ಯಾವುದೂ ಇಲ್ಲದ ಪೊಟ್ಟಣಗಳಲ್ಲಿ ದೊರೆಯುವ 'ವಾತದ ಪುಡಿ'ಗಳ ಬಗ್ಗೆಯೂ ಒಂದು ಮಾತು. ಎರಡೇ ದಿನಗಳಲ್ಲಿ ನೋವು ಮಾಯವಾದರೆ ಸಂತೋಷಪಡುವ ಮೊದಲು ಯೋಚಿಸಿ. ಇಂತಹ ಕೆಲವು ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಬಯಲಾಗಿದೆ. ಮುಖ ದುಂಡಗಾಗುವುದು, ತೂಕ ಏರುವುದು, ಸಕ್ಕರೆ ಹೆಚ್ಚುವುದು, ಕಾಲಲ್ಲಿ ನೀರು ತುಂಬುವುದು ಇದರ ಲಕ್ಷಣಗಳು. ದೀರ್ಘ ಕಾಲ ಸೇವಿಸಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ವೈದ್ಯರ ನಿಗಾದಲ್ಲಿ ನಿಧಾನವಾಗಿ ಬಿಡಬೇಕು.

ನೆರೆಮನೆಯವರಿಂದ 'ನೀರು ಹೋಗುವ ಮಾತ್ರೆ' ಕೇಳಿ ಪಡೆದು ನುಂಗುವುದಂತೂ ಬೇಡವೇ ಬೇಡ. ಇಂತಹ ಮಾತ್ರೆಗಳು ಯೂರಿಕ್ ಆಮ್ಲವನ್ನು ಹೆಚ್ಚಿಸಿ ಗೌಟ್ ಕೆರಳಿಸಬಲ್ಲವು. ನೋವಿನ ಮಾತ್ರೆ ಮತ್ತು ಬಿಪಿ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು ಕೊಡಬಲ್ಲವು.

ರುಮಟಾಯ್ಡ್ ಸಂಧಿವಾತವಿರುವವರು ಬರೇ ನೋವಿನ ಮಾತ್ರೆಯಲ್ಲಿ ಕಾಲ ಕಳೆದರೆ ಸಂದುಗಳು ಶಾಶ್ವತವಾಗಿ ವಕ್ರಗೊಳ್ಳುತ್ತವೆ. ಆರಂಭದಲ್ಲೇ ರೋಗದ ಬೇರಿಗೆ ಚಿಕಿತ್ಸೆ ನೀಡಿದರೆ ಇದನ್ನು ಬಹಳ ಮಟ್ಟಿಗೆ ತಡೆಯಬಹುದು. ಇದಕ್ಕೆ ಬಳಸುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪಿ ದಿನಾಲೂ ಸೇವಿಸಿದರೆ ಪ್ರಾಣಾಪಾಯವಿದೆ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ಇದನ್ನು ಸೇವಿಸಬಾರದು.

ಮನೆಯಲ್ಲಿ ಏನು ಮಾಡಬಹುದು?

ಕಾಲನ್ನು ಮೇಲಕ್ಕಿಡಿ: ಕುರ್ಚಿಯಲ್ಲಿ ಕುಳಿತು ಸ್ಟೂಲಿನ ಮೇಲೆ ಕಾಲಿಟ್ಟರೆ ಸಾಲದು. ಮಲಗಿ, ಪಾದ ಎದೆಯ ಮಟ್ಟಕ್ಕಿಂತ ಮೇಲೆ ಬರುವಂತೆ ಮೀನಖಂಡದ ಕೆಳಗೆ ಎರಡು ತಲೆದಿಂಬುಗಳನ್ನಿಡಿ. ಹದಿನೈದು ಇಪ್ಪತ್ತು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಬಾರಿ. ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಒಮ್ಮೆ, ಸಂಜೆ ಒಮ್ಮೆ ಎಂದು ಸಮಯ ನಿಗದಿಪಡಿಸಿ. ಇದು ಸೋಮಾರಿತನವಲ್ಲ, ಚಿಕಿತ್ಸೆ. ಮಲಗಿದರೆ ಉಸಿರು ಕಟ್ಟುವವರು ಮಾತ್ರ ಇದನ್ನು ಮಾಡದೆ ವೈದ್ಯರನ್ನು ಕಾಣಬೇಕು.

ಪಾದವನ್ನು ಆಡಿಸಿ: ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪಿನಂತೆ ಕೆಲಸ ಮಾಡುತ್ತವೆ. ಕುಳಿತಲ್ಲೇ ಪಾದವನ್ನು ಮೇಲಕ್ಕೆ ಕೆಳಕ್ಕೆ ಇಪ್ಪತ್ತು ಬಾರಿ ಆಡಿಸಿ. ಬಳಿಕ ವೃತ್ತಾಕಾರದಲ್ಲಿ ಹತ್ತು ಬಾರಿ ತಿರುಗಿಸಿ. ಬಸ್ಸಿನಲ್ಲಿ ದೂರ ಪ್ರಯಾಣಿಸುವಾಗಲೂ ಮಾಡಬಹುದು. ಗಂಟು ಕೆಂಪಾಗಿ ಉರಿಯುತ್ತಿರುವ ದಿನ ಮಾತ್ರ ವಿಶ್ರಾಂತಿ ಕೊಡಿ.

ತಂಪೋ ಬಿಸಿಯೋ?: ಗಂಟು ಬಿಸಿಯಾಗಿ ಬಾತುಕೊಂಡಿದ್ದರೆ ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟವೆಲ್ ಸುತ್ತಿ ಹದಿನೈದು ನಿಮಿಷ ಇಡಿ. ಊತವಿಲ್ಲದೆ ಬಿಗಿತ ಮಾತ್ರ ಇದ್ದರೆ ಬೆಚ್ಚಗಿನ ನೀರು ಹಿತ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಇವೆರಡನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ!

ನಿಂತು ಮಾಡುವ ಕೆಲಸ ಕಡಿಮೆ ಮಾಡಿ: ತರಕಾರಿ ಹೆಚ್ಚುವುದು, ಮೀನು ಶುಚಿಗೊಳಿಸುವುದು, ರೊಟ್ಟಿ ಲಟ್ಟಿಸುವುದು ಇವನ್ನು ಮೇಜಿನ ಬಳಿ ಕುಳಿತು ಮಾಡಬಹುದು. ಒಲೆಯ ಬಳಿ ಒಂದು ಎತ್ತರದ ಸ್ಟೂಲ್ ಇರಲಿ. ಕಾಲು ಮಡಚಿ ನೆಲದಲ್ಲಿ ಹೆಚ್ಚು ಹೊತ್ತು ಕೂರಬೇಡಿ.

ಉಪ್ಪು ಕಡಿಮೆ ಮಾಡಿ: ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಂಜಿಯೊಂದಿಗೆ ಒಣಮೀನು, ಉಪ್ಪಿನಕಾಯಿ, ಹಪ್ಪಳ ತಿಂದರೆ ಈ ಲೆಕ್ಕ ಒಂದೇ ಊಟದಲ್ಲಿ ತಪ್ಪುತ್ತದೆ. ಬೇಕರಿ ತಿಂಡಿಗಳಲ್ಲೂ ಉಪ್ಪು ಅಡಗಿದೆ. ಊತವಿದೆಯೆಂದು ನೀರು ಕುಡಿಯುವುದನ್ನು ಮಾತ್ರ ನೀವಾಗಿ ಕಡಿಮೆ ಮಾಡಬೇಡಿ.

ಆಹಾರ ಮತ್ತು ತೂಕ: ಕಾಲು ಸೂಪ್ ಕುಡಿದರೆ ಗಂಟು ಗುಣವಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ರುಚಿಗೆ ಕುಡಿಯಬಹುದು, ಔಷಧಿಯೆಂದಲ್ಲ. ಗೌಟ್ ಇರುವವರು ಲಿವರ್, ಕೆಂಪು ಮಾಂಸ, ಬೂತಾಯಿಯಂತಹ ಮೀನು, ಸಕ್ಕರೆ ತುಂಬಿದ ತಂಪು ಪಾನೀಯಗಳನ್ನು ಮಿತಗೊಳಿಸಬೇಕು. ತೂಕ ಹೆಚ್ಚಿದ್ದರೆ ಸ್ವಲ್ಪ ಇಳಿಸಿದರೂ ದೊಡ್ಡ ಲಾಭವಿದೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ.

ಚಪ್ಪಲಿ ಸಂಜೆ ಕೊಳ್ಳಿ

ಪಾದ ಸಂಜೆ ದೊಡ್ಡದಾಗಿರುತ್ತದೆ. ಬೆಳಿಗ್ಗೆ ಕೊಂಡ ಚಪ್ಪಲಿ ಸಂಜೆ ಕಚ್ಚುವುದು ಇದರಿಂದಲೇ. ಬೆರಳುಗಳ ಜಾಗ ಅಗಲವಾಗಿರುವ, ಹಿಮ್ಮಡಿಗೆ ಪಟ್ಟಿ ಇರುವ, ಊತಕ್ಕೆ ತಕ್ಕಂತೆ ಸಡಿಲಿಸಬಹುದಾದ ಚಪ್ಪಲಿ ಆರಿಸಿ. ಅಡಿ ಮೆತ್ತಗಿರುವ ಎಂಸಿಆರ್ ಚಪ್ಪಲಿಗಳು ಅನೇಕರಿಗೆ ಹಿತವೆನಿಸುತ್ತವೆ. ಮದುವೆ ಮನೆಗೆಂದು ಒಂದು ದಿನ ಹಾಕಿದ ಎತ್ತರ ಹಿಮ್ಮಡಿಯ ಚಪ್ಪಲಿ ಒಂದು ವಾರದ ನೋವನ್ನು ತರಬಹುದು. ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ನಡೆಯುವ ಬದಲು ಮನೆಯೊಳಗೆ ಬೇರೆಯೇ ಚಪ್ಪಲಿ ಇರಲಿ.

ಊತ ತಡೆಯುವ ಬಿಗಿ ಸಾಕ್ಸ್‌ಗಳನ್ನು ವೈದ್ಯರು ಹೇಳಿದರೆ ಮಾತ್ರ ಬಳಸಿ. ಕಾಲಿನ ರಕ್ತ ಸಂಚಾರ ಕಡಿಮೆ ಇರುವವರಿಗೆ ಅದು ಹಾನಿಕರ. ಧರಿಸುವುದಾದರೆ ಬೆಳಿಗ್ಗೆ ಊತ ಏರುವ ಮೊದಲೇ ಧರಿಸಬೇಕು.

ವುಝೂ, ನಮಾಝ್, ಉಪವಾಸ

ಬಾತುಕೊಂಡ ಪಾದದಲ್ಲಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದಿನಕ್ಕೆ ಐದು ಬಾರಿ ವುಝೂ ಮಾಡುವ ನಾವು ಬೆರಳ ಸಂದುಗಳನ್ನು ಒರೆಸದೆ ಬಿಟ್ಟರೆ ಅಲ್ಲಿ ಹುಳುಕು ಹಿಡಿದು ಚರ್ಮ ಬಿರಿಯುತ್ತದೆ. ಆ ಬಿರುಕಿನಿಂದ ಸೋಂಕು ಒಳನುಗ್ಗುತ್ತದೆ. ಆದ್ದರಿಂದ ಒಂದು ಚಿಕ್ಕ ಬಟ್ಟೆಯನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರು ಬಳಸಿ.

ನಮಾಝ್‌ನಲ್ಲಿ ಪಾದ ಮಡಚಿ ಕೂರುವುದು ಬಾತುಕೊಂಡ ಕಣಕಾಲಿಗೆ ಬಹಳ ಕಷ್ಟ. ರೋಗಿಗಳಿಗೆ ತಮ್ಮಿಂದಾಗುವಂತೆ ನಿರ್ವಹಿಸುವ ರಿಯಾಯಿತಿ ಇದೆ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಲು ಸಂಕೋಚ ಪಡಬೇಕಾಗಿಲ್ಲ.

ರಮಝಾನ್‌ಗೆ ಕೆಲವು ವಾರ ಮೊದಲೇ ವೈದ್ಯರನ್ನು ಕಂಡು ಔಷಧಿಯ ಸಮಯವನ್ನು ಹೊಂದಿಸಿಕೊಳ್ಳಿ. ಮೂರು ಹೊತ್ತಿನ ನೋವಿನ ಮಾತ್ರೆಯನ್ನು ಇಫ್ತಾರ್‌ನಲ್ಲಿ ಒಟ್ಟಿಗೆ ನುಂಗುವುದು ಅಪಾಯಕಾರಿ. ದಿನವಿಡೀ ನೀರಿಲ್ಲದ ದೇಹದಲ್ಲಿ ಈ ಮಾತ್ರೆಗಳು ಕಿಡ್ನಿಗೆ ಇನ್ನಷ್ಟು ಭಾರ.

ತಡಮಾಡಬಾರದ ಸೂಚನೆಗಳು

• ಒಂದೇ ಕಾಲು ಹಠಾತ್ತನೆ ಬಾತುಕೊಂಡು ಮೀನಖಂಡ ನೋಯುತ್ತಿದ್ದರೆ. ಅದು ರಕ್ತ ಹೆಪ್ಪುಗಟ್ಟಿದ್ದರಿಂದ ಇರಬಹುದು.
• ಊತದೊಂದಿಗೆ ಉಸಿರಾಟದ ತೊಂದರೆ ಅಥವಾ ಎದೆನೋವು ಇದ್ದರೆ.
• ಗಂಟು ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರ, ಚಳಿ ಬಂದರೆ. ಸಂದಿನೊಳಗೆ ಕೀವಾಗಿರುವ ಸಾಧ್ಯತೆಯಿದೆ.
• ಮೂತ್ರ ಕಡಿಮೆಯಾಗಿ ಮುಖ, ಕಣ್ಣುರೆಪ್ಪೆ ಕೂಡಾ ಬಾತುಕೊಂಡರೆ.
• ಗರ್ಭಿಣಿಗೆ ಕೈ, ಮುಖ ಊದಿಕೊಂಡು ತಲೆನೋವು ಬಂದರೆ.
• ಸಕ್ಕರೆ ಕಾಯಿಲೆಯವರ ಪಾದದಲ್ಲಿ ಗಾಯ ಅಥವಾ ಬಣ್ಣದ ಬದಲಾವಣೆ ಕಂಡರೆ.

ಇವುಗಳಲ್ಲಿ ಯಾವುದಿದ್ದರೂ ಎಣ್ಣೆ ತಿಕ್ಕುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿದ ಕಾಲನ್ನು ತಿಕ್ಕುವುದರಿಂದ ಅಪಾಯ ಹೆಚ್ಚುತ್ತದೆ.

ಮನೆಯವರಿಗೊಂದು ಮಾತು

ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುವವಳು ತನ್ನ ಕಾಲಿನ ಊತದ ಬಗ್ಗೆ ಹೇಳುವುದೂ ಕೊನೆಗೇ. ಆಕೆ ಗೋಡೆ ಹಿಡಿದು ನಡೆಯುವುದನ್ನು, ಮೆಟ್ಟಿಲಲ್ಲಿ ಒಂದೊಂದೇ ಕಾಲಿಡುವುದನ್ನು ಉಳಿದವರು ಗಮನಿಸಬೇಕು. ನೋವಿನ ಮಾತ್ರೆ ತಂದುಕೊಡುವ ಮಗ ಒಂದು ದಿನ ಬಿಡುವು ಮಾಡಿಕೊಂಡು ಆಕೆಯನ್ನು ವೈದ್ಯರ ಬಳಿ ಕರೆದೊಯ್ದರೆ ಅದು ನೂರು ಮಾತ್ರೆಗಿಂತ ಹೆಚ್ಚು ಉಪಕಾರ. ಸಂಜೆಯ ಪಾತ್ರೆ ತೊಳೆಯಲು ಮಗಳು, ಸೊಸೆ ಮಾತ್ರವಲ್ಲ, ಗಂಡುಮಕ್ಕಳೂ ಕೈಜೋಡಿಸಬಹುದು.

ಸಹೋದರಿ, ಈ ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಒಮ್ಮೆ ನಿಮ್ಮ ಕಾಲನ್ನು ನೋಡಿಕೊಳ್ಳಿ. ಹೆಬ್ಬೆರಳಿನಿಂದ ಒತ್ತಿ ನೋಡಿ. ಕುಳಿ ಬಿದ್ದರೆ ನಾಳೆಗೆಂದು ಮುಂದೂಡಬೇಡಿ.