ಕುದುರೆ ಬಂದ ಗುಡ್ಡ, ಸರಪಳಿ ಹೊರಟ ಗುಡ್ಡ

ಗಿಂಡಿಯ ಮಗ್ಗುಲಿನ ಪರಂಗಿಮಲೈಗೆ ಕೋಟೆಗೋಡೆ ಇಲ್ಲ. ಆದರೂ ಮದರಾಸಿನ ಅಳಿವು ಉಳಿವು ಹಲವು ಸಲ ಇದರ ಬುಡದಲ್ಲೇ ತೀರ್ಮಾನವಾಯಿತು. ಕರ್ನಾಟಕವನ್ನು ಹಾದು ಮಂಗಳೂರು ಮುಟ್ಟಿದ ಅಳತೆ ಶುರುವಾದದ್ದೂ ಇಲ್ಲಿಂದಲೇ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿಗೆ ಹೋದವರು ಪೊಳ್ಳಿಲೂರು ಕದನದ ಭಿತ್ತಿಚಿತ್ರದ ಮುಂದೆ ನಿಲ್ಲದೆ ಬರುವುದಿಲ್ಲ. ಮದ್ದಿನ ಬಂಡಿ ಸಿಡಿಯುತ್ತಿದೆ, ಇಂಗ್ಲಿಷರ ವ್ಯೂಹ ಒಡೆಯುತ್ತಿದೆ, ಅವರ ದಳಪತಿ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಮೈಸೂರು ಯುದ್ಧಗಳ ಒಂದು ತುದಿ ಹೀಗೆ ಕಾವೇರಿಯ ನಡುಗಡ್ಡೆಯಲ್ಲಿದ್ದರೆ, ಇನ್ನೊಂದು ತುದಿ ಇದ್ದದ್ದು ಮದರಾಸಿನ ಹೊರವಲಯದ ಒಂದು ಕಲ್ಲುಗುಡ್ಡದ ಬುಡದಲ್ಲಿ. ತಮಿಳರ ಬಾಯಲ್ಲಿ ಅದು ಪರಂಗಿಮಲೈ, ಇಂಗ್ಲಿಷರ ದಾಖಲೆಗಳಲ್ಲಿ ಸೇಂಟ್ ಥಾಮಸ್ ಮೌಂಟ್. ಗಿಂಡಿಯ ಕತ್ತಿಪಾರ ಮೇಲ್ಸೇತುವೆಯನ್ನು ಸುತ್ತಿ ವಿಮಾನ ನಿಲ್ದಾಣಕ್ಕೆ ಧಾವಿಸುವವರಿಗೆಲ್ಲ ಅದು ಕಾಣುತ್ತದೆ. ಹರಕೆ ಹೊತ್ತವರನ್ನು ಬಿಟ್ಟರೆ ಹತ್ತುವವರು ವಿರಳ.

ಕಡಲಂಚಿನ ಬಂಡೆ, ಅದರ ಮೇಲೆ ಕೋತಿಗಳು, ಅದರೊಳಗೆ ಫಿರಂಗಿಗಳು: ಈ ಮೂರೂ ಒಟ್ಟಿಗಿರುವ ಜಗತ್ಪ್ರಸಿದ್ಧ ಜಾಗ ಸ್ಪೇನಿನ ದಕ್ಷಿಣ ತೀರದಂಚಿನ ಜಿಬ್ರಾಲ್ಟರ್. ಚೆನ್ನೈನಲ್ಲೂ ಈ ಮೂರೂ ಇವೆ, ಆದರೆ ಬಿಡಿಬಿಡಿಯಾಗಿ. ಬಂಡೆ ಪರಂಗಿಮಲೈಯದು. ಪ್ರಾಣಿಗಳು ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಪೂರ್ವಕ್ಕೆ, ಗಿಂಡಿ ರಾಷ್ಟ್ರೀಯ ಉದ್ಯಾನದಲ್ಲಿವೆ. ಕೋಟೆ ಇನ್ನೂ ಆಚೆ, ಸಮುದ್ರಕ್ಕೆ ಮುಖಮಾಡಿ ನಿಂತಿರುವ ಸೇಂಟ್ ಜಾರ್ಜ್ ಕೋಟೆ.

ಕಲ್ಲು ಮತ್ತು ಮೆಟ್ಟಿಲು

ಗುಡ್ಡದ ಎತ್ತರ ಸುಮಾರು 300 ಅಡಿ. ಮಲೆನಾಡಿನವರ ಕಣ್ಣಿಗೆ ಇದು ದಿಬ್ಬವೇ. ಆದರೆ ಸುತ್ತಲೂ ಚಪ್ಪಟೆಯಾಗಿ ಹರಡಿದ ಕರಾವಳಿ ಬಯಲಿನಲ್ಲಿ ಅಷ್ಟು ಎತ್ತರವೇ ಬೇಕಾದಷ್ಟಾಯಿತು. ಮೇಲೆ ನಿಂತರೆ ವಿಮಾನ ನಿಲ್ದಾಣದ ಓಡುಹಾದಿ, ಗಿಂಡಿಯ ಹಸಿರು, ನಗರದ ತಾರಸಿಗಳು, ಆಕಾಶ ತಿಳಿಯಾಗಿದ್ದರೆ ಎಂಟೊಂಬತ್ತು ಕಿಲೋಮೀಟರ್ ಆಚೆಯ ಬಂಗಾಳ ಕೊಲ್ಲಿ.

ಕಾಲಡಿಯ ಕಲ್ಲಿಗೂ ಒಂದು ಚರಿತ್ರೆಯಿದೆ. ನೀಲಿ ಬೂದು ಬಣ್ಣದ ಈ ಶಿಲೆ ಚಾರ್ನೊಕೈಟ್. ಕಲ್ಕತ್ತದ ಸ್ಥಾಪಕನೆಂದು ಇಂಗ್ಲಿಷರು ಹೇಳುತ್ತಿದ್ದ ಜಾಬ್ ಚಾರ್ನೊಕ್‌ನ ಸಮಾಧಿಗೆ ಮದರಾಸಿನ ಈ ಭಾಗದ ಕಲ್ಲನ್ನೇ ಹಾಕಿದ್ದರು. ಎರಡು ಶತಮಾನಗಳ ಮೇಲೆ, 1893ರಲ್ಲಿ, ಭೂವಿಜ್ಞಾನಿ ಥಾಮಸ್ ಹಾಲೆಂಡ್ ಆ ಸಮಾಧಿಯ ಕಲ್ಲನ್ನು ಪರೀಕ್ಷಿಸಿ, ಚಾರ್ನೊಕ್‌ನ ನೆನಪಿಗೆ ಈ ಹೆಸರಿಟ್ಟ. ಭೂಮಿಯ ಆಳದಲ್ಲಿ, ವಿಪರೀತ ಬಿಸಿ ಮತ್ತು ಒತ್ತಡದಲ್ಲಿ, ಸುಮಾರು 250 ಕೋಟಿ ವರ್ಷಗಳ ಹಿಂದೆ ಹದಗೊಂಡ ಶಿಲೆಯಿದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳು ಸೇರಿರುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲೇ ಪರಂಗಿಮಲೈಯ ಚಾರ್ನೊಕೈಟ್‌ಗೂ ಜಾಗ ಸಿಕ್ಕಿದೆ.

ಕ್ರಿಸ್ತನ ಶಿಷ್ಯ ಥಾಮಸ್ ಇಲ್ಲೇ ಹುತಾತ್ಮನಾದ ಎಂಬುದು ಭಕ್ತರ ನಂಬಿಕೆ. ಪೋರ್ಚುಗೀಸರು 1523ರಲ್ಲಿ ನೆತ್ತಿಯ ಮೇಲೆ ಮಾತೆ ಮೇರಿಯ ಇಗರ್ಜಿ ಕಟ್ಟಿದರು. 1547ರಲ್ಲಿ ನೆಲ ಅಗೆಯುವಾಗ ಹಳೆಯ ಪರ್ಷಿಯಾದ ಪಹ್ಲವಿ ಲಿಪಿಯ ಬರಹವಿರುವ ಕಲ್ಲಿನ ಶಿಲುಬೆಯೊಂದು ಸಿಕ್ಕಿತು. ಅದು ಇಂದಿಗೂ ಒಳಗಿದೆ. ಪರ್ಷಿಯಾದ ಕ್ರೈಸ್ತರು ಪೋರ್ಚುಗೀಸರಿಗಿಂತ ಎಷ್ಟೋ ಮೊದಲೇ ಈ ಕರಾವಳಿಗೆ ಬಂದಿದ್ದರು ಎನ್ನುವುದಕ್ಕೆ ಅದೇ ಸಾಕ್ಷಿ. ಗುಡ್ಡ ಹತ್ತುವ ಮೆಟ್ಟಿಲುಗಳನ್ನು ಕಟ್ಟಿಸಿದವನು ಆರ್ಮೇನಿಯಾ ಮೂಲದ ವರ್ತಕ ಪೆಟ್ರಸ್ ಉಸ್ಕಾನ್. ಯಾತ್ರಿಕರು ಅಡ್ಯಾರ್ ಹೊಳೆ ದಾಟಿ ಬರಲೆಂದು ಸೈದಾಪೇಟೆಯ ಬಳಿ 1726ರಲ್ಲಿ ಸೇತುವೆ ಹಾಕಿಸಿದವನೂ ಅವನೇ. ಆ ಸೇತುವೆ, ಆ ದಾರಿ ಮುಂದೆ ದಂಡುಗಳಿಗೂ ಒದಗಿದವು.

ಹೈದರ್ ಬಂದ ದಾರಿ

ಕಡಲ ದಂಡೆಯ ಕೋಟೆ ಸಮುದ್ರಕ್ಕೆ ಮುಖಮಾಡಿದ್ದು. ನೆಲದ ಕಡೆಯಿಂದ ಬರುವವನಿಗೆ 13 ಕಿಲೋಮೀಟರ್ ಮೊದಲೇ ಎದುರಾಗುತ್ತಿದ್ದುದು ಪರಂಗಿಮಲೈ. ಅದನ್ನು ಹಿಡಿದವನಿಗೆ ಊರು ಅಂಗೈಯಲ್ಲಿದ್ದಂತೆ. ಫ್ರೆಂಚ್ ಸೇನಾಪತಿ ಲಾಲಿ ಮದರಾಸಿಗೆ ಮುತ್ತಿಗೆ ಹಾಕಿದ್ದಾಗ, 1759ರ ಫೆಬ್ರುವರಿಯಲ್ಲಿ, ಗುಡ್ಡದ ಬುಡದಲ್ಲಿ ಕಾದಾಟ ನಡೆದಿತ್ತು. ಎಂಟು ವರ್ಷಗಳ ಮೇಲೆ, ಮೊದಲ ಮೈಸೂರು ಯುದ್ಧದಲ್ಲಿ, ಇನ್ನೂ ಹದಿಹರೆಯದ ಟಿಪ್ಪು ಕುದುರೆ ಪಡೆಯೊಂದಿಗೆ ಮದರಾಸಿನ ಹೊರವಲಯದ ತೋಟದ ಮನೆಗಳವರೆಗೆ ನುಗ್ಗಿ ಹೋಗಿದ್ದ.

ಅದಕ್ಕಿಂತ ದೊಡ್ಡ ಆಟ ಆಡಿದವನು ಅವನ ತಂದೆ. 1769ರ ಮಾರ್ಚ್‌ನಲ್ಲಿ ಹೈದರ್ ಅಲಿ ಇಂಗ್ಲಿಷ್ ಸೈನ್ಯವನ್ನು ದಕ್ಷಿಣಕ್ಕೆ ದೂರ ಸೆಳೆದ. ತನ್ನ ಫಿರಂಗಿಗಳನ್ನೂ ಕಾಲಾಳುಗಳ ಬಹುಭಾಗವನ್ನೂ ಘಟ್ಟದ ಕಡೆ ಹಿಂದಕ್ಕೆ ಕಳಿಸಿ, ಆಯ್ದ ಸುಮಾರು 6,000 ಸವಾರರೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ಓಡಿಬಂದು ಪರಂಗಿಮಲೈಯ ಬಳಿ ಕಾಣಿಸಿಕೊಂಡ. ಕೋಟೆ ಒಡೆಯಲು ಅವನ ಬಳಿ ಒಂದು ಫಿರಂಗಿಯೂ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಕೋಟೆಯ ಹೊರಗಿದ್ದ ಇಡೀ ಊರು, ಅದರ ಮಗ್ಗ, ಮಳಿಗೆ, ಬಂಗಲೆಗಳೆಲ್ಲ ಅವನ ಕೈಗೆ ಎಟುಕುವಂತಿದ್ದವು. ರಕ್ಷಿಸಬೇಕಾದ ಸೈನ್ಯ ಎಲ್ಲೋ ಹಿಂದೆ ಉಳಿದಿತ್ತು. ಮಾತುಕತೆಗೆ ಮದರಾಸ್ ಕೌನ್ಸಿಲಿನ ಡ್ಯು ಪ್ರೆಯನ್ನೇ ಕಳಿಸಿ ಎಂದು ಹೈದರ್ ಕೇಳಿದ, ಈಸ್ಟ್ ಇಂಡಿಯಾ ಕಂಪನಿಯವರು ಕಳಿಸಿದರು. ಏಪ್ರಿಲ್ ಮೊದಲ ವಾರದಲ್ಲಿ ಮದರಾಸ್ ಒಪ್ಪಂದವಾಯಿತು: ಗೆದ್ದ ನೆಲವನ್ನು ಪರಸ್ಪರ ಮರಳಿಸುವುದು, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರುವುದು.

ಎರಡನೆಯ ಮಾತು ಉಳಿಯಲಿಲ್ಲ. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಕದಲಲಿಲ್ಲ; ಹೈದರ್ ಮರೆಯಲೂ ಇಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬೈಲಿಯ ಪಡೆ ನುಚ್ಚುನೂರಾಯಿತು. ಕಾಂಚೀಪುರದಲ್ಲಿದ್ದ ಸೇನಾನಿ ಹೆಕ್ಟರ್ ಮನ್ರೊ ತನ್ನ ಭಾರಿ ಫಿರಂಗಿಗಳನ್ನು ಕೆರೆಗೆ ದೂಡಿ ಮದರಾಸಿನ ಕಡೆ ಕಾಲ್ತೆಗೆದ. ಅದೇ ಹೊತ್ತಿಗೆ ಜಿಬ್ರಾಲ್ಟರ್ ಬಂಡೆಗೆ ಸ್ಪೇನ್ ಮತ್ತು ಫ್ರಾನ್ಸ್ ಮುತ್ತಿಗೆ ಹಾಕಿ ಕೂತಿದ್ದವು. ಇವೆರಡೂ ಬೇರೆಬೇರೆ ಕಥೆಗಳಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದಿಂದ ಹೊತ್ತಿದ ಬೆಂಕಿಯಲ್ಲಿ ಬ್ರಿಟನ್ ಎರಡು ಕಡಲುಗಳಲ್ಲೂ ಬೇಯುತ್ತಿತ್ತು. 1782ರಲ್ಲಿ ಫ್ರೆಂಚ್ ನೌಕಾಧಿಪತಿ ಸಫ್ರೆನ್ ಕಡಲೂರಿನ ಬಳಿ ಹೈದರನನ್ನು ಕಂಡು ಮಾತಾಡಿದ್ದು ಈ ನಂಟಿನಿಂದಲೇ.

ಈ ಪೆಟ್ಟುಗಳ ಪಾಠವನ್ನು ಇಂಗ್ಲಿಷರು ಕಲ್ಲಿನಲ್ಲಿ ಬರೆದಿಟ್ಟರು. ಸೇಂಟ್ ಜಾರ್ಜ್ ಕೋಟೆಯ ಗೋಡೆ, ಕಂದಕ, ಬುರುಜುಗಳು ಇಂದಿನ ಆಕಾರಕ್ಕೆ ಬಂದದ್ದು 1783ರ ಹೊತ್ತಿಗೆ. ಪರಂಗಿಮಲೈಯ ಬುಡದಲ್ಲಿ ಮದರಾಸ್ ಫಿರಂಗಿದಳದ ಕೇಂದ್ರ ನೆಲೆಯೂರಿತು. ಆ ಮಿಲಿಟರಿ ವಾಸನೆ ಇನ್ನೂ ಹೋಗಿಲ್ಲ: ಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ತರಬೇತಿ ಅಕಾಡೆಮಿ ಇಲ್ಲೇ ಇದೆ.

ಸರಪಳಿ ಹೋದ ದಾರಿ

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆ ದಂಡಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಒಂದು ರಾತ್ರಿ ಕತ್ತಲಲ್ಲಿ ನಡೆಯುತ್ತಿದ್ದ ತುಕಡಿ ದಿಕ್ಕು ತಪ್ಪಿ ಟಿಪ್ಪುವಿನ ಪಾಳೆಯದತ್ತಲೇ ಹೊರಟಿದೆ ಎಂದು ನಕ್ಷತ್ರ ನೋಡಿ ಎಚ್ಚರಿಸಿದವನು ಅವನು. ಗೆದ್ದ ನೆಲದ ಅಗಲ ಉದ್ದ ಗೊತ್ತಿರಲಿಲ್ಲ. ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ತ್ರಿಕೋನಗಳ ಜಾಲ ಹೆಣೆದು ಅಳೆಯೋಣ ಎಂದು ಲ್ಯಾಂಬ್ಟನ್ ಸೂಚಿಸಿದ, ಕಂಪನಿ ಒಪ್ಪಿತು.

ತ್ರಿಕೋನದ ಲೆಕ್ಕಕ್ಕೆ ಮೊದಲು ಒಂದು ಬಾಹುವನ್ನಾದರೂ ನೆಲದ ಮೇಲೆ ತಪ್ಪಿಲ್ಲದೆ ಅಳೆಯಬೇಕು. ಉಳಿದದ್ದು ಕೋನ ನೋಡಿ ಗಣಿತದಿಂದ ಬರುತ್ತದೆ. ಆ ಮೊದಲ ಬಾಹುವಿನ ಅಳತೆ 1802ರ ಏಪ್ರಿಲ್ 10ರಂದು ಪರಂಗಿಮಲೈಯ ಬುಡದಿಂದ ಹೊರಟಿತು. ಬಳಸಿದ್ದು ನೂರು ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆ ಕಾಣಿಕೆಯೆಂದು ಹೋಗಿ, ಅಲ್ಲಿ ಬೇಡವಾಗಿ ಭಾರತಕ್ಕೆ ಬಂದದ್ದು ಅದು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಮರದ ಪೆಟ್ಟಿಗೆಗಳಲ್ಲಿ ಹಾಸಿ, ಪಕ್ಕದಲ್ಲಿ ಉಷ್ಣಮಾಪಕ ಇಟ್ಟು, ಮದರಾಸಿನ ಬೇಸಿಗೆಯಲ್ಲಿ ಸುಮಾರು 400 ಸಲ ಎತ್ತಿ ಹಾಸಿ ಏಳೂವರೆ ಮೈಲಿ ಮುಗಿಸಿದರು. ಅಲ್ಲಿಂದ ತ್ರಿಕೋನಗಳು ಘಟ್ಟ ಹತ್ತಿದವು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಮೂಲರೇಖೆ ಅಳೆದು ಲೆಕ್ಕವನ್ನು ತಾಳೆ ನೋಡಿದರು. ಜಾಲ ಮಂಗಳೂರಿನ ಕಡಲು ಮುಟ್ಟಿದಾಗ, ಪರ್ಯಾಯ ದ್ವೀಪದ ಅಗಲ ಅಂದುಕೊಂಡಿದ್ದ 400 ಮೈಲಿಯಲ್ಲ, 360 ಮೈಲಿ ಮಾತ್ರ ಎಂದು ತಿಳಿಯಿತು. ಮುಂದೆ ಹಿಮಾಲಯದ ಶಿಖರಗಳ ಎತ್ತರ ಹೇಳಿದ್ದೂ ಇದೇ ಸರಣಿಯ ಕೆಲಸ. ಗುಡ್ಡದ ಮೇಲೆ ಲ್ಯಾಂಬ್ಟನ್ನನ ಎದೆಮಟ್ಟದ ಪ್ರತಿಮೆಯಿದೆ.

ಹೈದರನಿಗೆ ಈ ನೆಲ ಗೊತ್ತಿದ್ದದ್ದು ಕುದುರೆಯ ಕಾಲಿನಿಂದ. ಯಾವ ಕಣಿವೆ ಎಲ್ಲಿ ತೆರೆಯುತ್ತದೆ, ಯಾವ ಕೆರೆಯಲ್ಲಿ ನೀರಿದೆ ಎಂಬ ಆ ತಿಳಿವಳಿಕೆಯೇ ಅವನ ಗೆಲುವಿನ ಗುಟ್ಟು. ಅವನ ಕುದುರೆಗಳು ನಿಂತ ಜಾಗದಿಂದಲೇ, ಮೂವತ್ಮೂರು ವರ್ಷಗಳ ಮೇಲೆ, ಆ ತಿಳಿವಳಿಕೆಯನ್ನು ಕಾಗದಕ್ಕೆ ಇಳಿಸುವ ಕೆಲಸ ಶುರುವಾಯಿತು. 

ಬೇಲಿಯೊಳಗಿನ ಕಾಡು

ಗುಡ್ಡದ ಪೂರ್ವಕ್ಕಿರುವ ಗಿಂಡಿಯ ಕಾಡು ಉಳಿದಿರುವುದು ಸಾಹೇಬರ ಬೇಟೆಯ ಶೋಕಿಯಿಂದ. ಇಲ್ಲಿನ ಗಿಂಡಿ ಲಾಡ್ಜ್ 1670ರ ದಶಕದಲ್ಲಿ ಗವರ್ನರ್ ಲ್ಯಾಂಗ್‌ಹಾರ್ನ್ ಕಟ್ಟಿಸಿದ ತೋಟದ ಮನೆ. ಕೈಯಿಂದ ಕೈಗೆ ದಾಟಿ, 1821ರಲ್ಲಿ ಸರ್ಕಾರ ಅದನ್ನು 35,000 ರೂಪಾಯಿಗೆ ಕೊಂಡಾಗ ಗವರ್ನರ್ ಆಗಿದ್ದವನು ಥಾಮಸ್ ಮನ್ರೊ. ಹುಡುಗನಾಗಿ ಹೈದರನ ವಿರುದ್ಧ ಹೋರಾಡಿದ, 1799ರ ನಂತರ ಕೆನರಾದ ಕಲೆಕ್ಟರ್ ಆಗಿದ್ದ ಮನ್ರೊ ಇವನು, ಕಾಂಚೀಪುರದ ಹೆಕ್ಟರ್ ಅಲ್ಲ. ಆ ಮನೆ ಇಂದು ರಾಜ್ಯಪಾಲರ ನಿವಾಸ.

ಒಂದು ಕಾಲಕ್ಕೆ 500 ಹೆಕ್ಟೇರ್ ಮೀರಿದ್ದ ಕಾಡು, ಐಐಟಿಗೆ, ನಾಯಕರ ಸ್ಮಾರಕಗಳಿಗೆ, ಸಂಸ್ಥೆಗಳಿಗೆ ಹಂಚಿಹೋಗಿ, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಗುವಾಗ ಉಳಿದದ್ದು 2.7 ಚದರ ಕಿಲೋಮೀಟರ್. ದೇಶದ ಅತಿ ಸಣ್ಣ ರಾಷ್ಟ್ರೀಯ ಉದ್ಯಾನಗಳಲ್ಲಿ ಇದೂ ಒಂದು. ಕೊರಮಂಡಲ ಕರಾವಳಿಯಲ್ಲಿ ಈಗ ಅಪರೂಪವಾಗಿರುವ ಒಣ ನಿತ್ಯಹಸಿರು ಕುರುಚಲು ಕಾಡು ಇಲ್ಲಿದೆ. ಕೃಷ್ಣಮೃಗ, ಚುಕ್ಕೆ ಜಿಂಕೆ, ನರಿ, ಮುಂಗುಸಿ, ಪುನುಗು ಬೆಕ್ಕು, ನಕ್ಷತ್ರ ಆಮೆ, ಕೋತಿ ಎಲ್ಲ ಇವೆ. ಹಕ್ಕಿಗಳೇ 130ಕ್ಕೂ ಹೆಚ್ಚು ಬಗೆ.

ರಾಣೆಬೆನ್ನೂರಿನ ಅಭಯಾರಣ್ಯ ನೋಡಿದವರಿಗೆ ಕೃಷ್ಣಮೃಗದ ಸ್ವಭಾವ ಗೊತ್ತು: ಅದಕ್ಕೆ ಮರದ ನೆರಳಿಗಿಂತ ಹುಲ್ಲಿನ ಬಯಲು ಬೇಕು, ದೂರದ ನೋಟ ಬೇಕು, ಓಡಲು ಜಾಗ ಬೇಕು. ಗಿಂಡಿಯಲ್ಲಿ ಪೋಲೊ ಮೈದಾನ ಎಂದು ಕರೆಯುವ ಬಯಲು ಅದರ ಮುಖ್ಯ ಆಸರೆ. ಬಯಲನ್ನು ಮುಳ್ಳುಪೊದೆ ಆವರಿಸಿದಷ್ಟೂ ಚುಕ್ಕೆ ಜಿಂಕೆಗೆ ಲಾಭ, ಕೃಷ್ಣಮೃಗಕ್ಕೆ ನಷ್ಟ. ಸುತ್ತಲೂ ನಗರ ಇರುವುದರಿಂದ ಬೇರೆಲ್ಲಿಗೂ ವಲಸೆ ಹೋಗುವಂತಿಲ್ಲ. ಬೇಲಿಯೇ ಇಲ್ಲಿ ಕಾವಲು, ಅದೇ ಸೆರೆಯೂ ಹೌದು.

ಪಕ್ಕದ ಹಾವು ಉದ್ಯಾನವನ್ನು ಕಟ್ಟಿದವರು ರೋಮುಲಸ್ ವಿಟೇಕರ್. 1969ರಲ್ಲಿ ಸೇಲಯೂರಿನಲ್ಲಿ ಆರಂಭವಾಗಿ 1972ರಲ್ಲಿ ಗಿಂಡಿಗೆ ಬಂತು. ಅದೇ ವರ್ಷದ ವನ್ಯಜೀವಿ ಕಾಯ್ದೆಯಿಂದ ಹಾವಿನ ಚರ್ಮದ ವ್ಯಾಪಾರ ನಿಂತು, ಹಾವು ಹಿಡಿದೇ ಬದುಕುತ್ತಿದ್ದ ಇರುಳ ಸಮುದಾಯದವರ ಹೊಟ್ಟೆಗೆ ಹೊಡೆತ ಬಿತ್ತು. 1978ರಲ್ಲಿ ಹುಟ್ಟಿದ ಅವರ ಸಹಕಾರ ಸಂಘ ಹಾವನ್ನು ಕೊಲ್ಲದೆ ವಿಷ ತೆಗೆದು ಔಷಧ ತಯಾರಕರಿಗೆ ಮಾರುವ ದಾರಿ ಹಿಡಿಯಿತು. ಇದೇ ವಿಟೇಕರ್ 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದರು.

ಹೋಗುವವರಿಗೆ

ಬೆಂಗಳೂರಿನ ರೈಲು ಸೆಂಟ್ರಲ್‌ನಲ್ಲಿ ಇಳಿಸಿದರೆ ಅಲ್ಲಿಂದಲೇ ಮೆಟ್ರೊ ಇದೆ. ಗುಡ್ಡಕ್ಕೆ ಸೇಂಟ್ ಥಾಮಸ್ ಮೌಂಟ್ ನಿಲ್ದಾಣ, ಉದ್ಯಾನಕ್ಕೆ ಗಿಂಡಿ. ಮೆಟ್ಟಿಲು ಹತ್ತಲಾಗದವರಿಗೆ ನೆತ್ತಿಯವರೆಗೆ ವಾಹನದ ದಾರಿಯೂ ಇದೆ. ಬೆಳಿಗ್ಗೆಯೇ ಗುಡ್ಡ ಮುಗಿಸಿ. ಹೊತ್ತೇರಿದರೆ ಕಲ್ಲು ಕಾಯುತ್ತದೆ. ಮಕ್ಕಳ ಉದ್ಯಾನ ಮತ್ತು ಹಾವು ಉದ್ಯಾನಕ್ಕೆ ಮಂಗಳವಾರ ರಜೆ. ಒಳಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸಂಜೆ ಉಳಿದರೆ ಸೇಂಟ್ ಜಾರ್ಜ್ ಕೋಟೆಯ ಕಡೆ ಹೋಗಬಹುದು. ಗುಡ್ಡ ನೋಡಿ ಬಂದವರಿಗೆ ಆ ಗೋಡೆಗಳು ಅಷ್ಟು ದಪ್ಪ ಯಾಕೆ, ಯಾರ ಭಯಕ್ಕೆ ಎಂದು ಬೇರೆ ಯಾರೂ ವಿವರಿಸಬೇಕಾಗುವುದಿಲ್ಲ.