ಹತ್ತಿ ಹೊಲದಿಂದ ಸಮಿತಿಯ ಮುಂದೆ

ಜೋಗುಲಾಂಬ ಗದ್ವಾಲ ಜಿಲ್ಲೆಯ ಮಲ್ದಕಲ್. ಸುತ್ತಲಿನ ಸೀಮೆಯೆಲ್ಲ ಹೈಬ್ರಿಡ್ ಹತ್ತಿಬೀಜಕ್ಕೆ ಹೆಸರುವಾಸಿ. ಸಂಜೆ ಮೊಗ್ಗಿನ ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಗಂಡುಹೂವಿನ ಪರಾಗ ಸವರಬೇಕು. ಒಂದೊಂದೇ ಹೂವಿಗೆ, ಕೈಯಲ್ಲೇ. ಎಳೆಯ ಬೆರಳುಗಳಿಗೆ ಬೇಡಿಕೆ ಹುಟ್ಟಿದ್ದೇ ಇಲ್ಲಿ.

ಹೊಲದಲ್ಲಿ ಸಿಕ್ಕ ಮಗುವಿನ ವಿಚಾರಣೆ ಫ್ಯಾಮಿಲಿ ಕೋರ್ಟಿನಲ್ಲಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಧ್ಯಕ್ಷರು, ನಾಲ್ವರು ಸದಸ್ಯರು, ಮ್ಯಾಜಿಸ್ಟ್ರೇಟರ ಅಧಿಕಾರ. ಮಗು ಮನೆಗೋ, ಬಾಲಮಂದಿರಕ್ಕೋ? ತೀರ್ಮಾನ ಇವರದೇ.

ಹೆತ್ತವರು?

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಮೊದಲ ಸಲ ಅವರನ್ನು ಶಿಕ್ಷಿಸದೆ ಬಿಡುತ್ತದೆ. ಮತ್ತೆ ಸಿಕ್ಕಿಬಿದ್ದರೆ 10,000 ರೂಪಾಯಿವರೆಗೆ ದಂಡ. ಕೂಲಿಯ ಮುಂಗಡ ತಿಂದುಂಡ ಮನೆಗೆ ಇದು ಸಣ್ಣ ಮೊತ್ತವೇನಲ್ಲ. ಕೆಲಸಕ್ಕಿಟ್ಟ ಮಾಲೀಕರಿಗೆ ಮೊದಲ ತಪ್ಪಿಗೇ 20,000ದಿಂದ 50,000, ಜೈಲೂ ಉಂಟು. ಆ ದಂಡದ ಜತೆ ಸರ್ಕಾರದ 15,000 ಸೇರಿ ಬ್ಯಾಂಕಿನಲ್ಲಿ ಮಗುವಿನ ಪಾಲಾಗಬೇಕು.