ಬೆಂಕಿಗೆ ಅಂಜದ ಬಡಗಿ

ಮಕ್ಕಳೇ, ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಮನೆ, ಸೇತುವೆ, ಕಾರು ಕಟ್ಟುವ ಲೆಗೊ ಆಟ ನಿಮಗೆ ಗೊತ್ತಲ್ಲವೇ? ಅದು ಹುಟ್ಟಿದ್ದು ಯುರೋಪಿನ ಉತ್ತರದಲ್ಲಿರುವ ಡೆನ್ಮಾರ್ಕ್ ಎಂಬ ಪುಟ್ಟ ದೇಶದಲ್ಲಿ. ಅಲ್ಲಿನ ಡೇನಿಶ್ ಭಾಷೆಯಲ್ಲಿ ‘ಇವೆರ್ಕ್‌ಸೆಟರ್’ ಎಂಬ ಪದವಿದೆ. ‘ಇ’ ಎಂದರೆ ಒಳಗೆ, ‘ವೆರ್ಕ್’ ಎಂದರೆ ಕೆಲಸ, ‘ಸೆಟರ್’ ಎಂದರೆ ಇಡುವವರು. ಯೋಚನೆಯನ್ನು ಕೆಲಸಕ್ಕೆ ಇಳಿಸುವವರು ಎನ್ನೋಣ. ಹೊಸ ಉದ್ಯಮ ಆರಂಭಿಸುವವರನ್ನು ಅಲ್ಲಿ ಹೀಗೆ ಕರೆಯುತ್ತಾರೆ.

ಲೆಗೊ ಆರಂಭಿಸಿದ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಅಂಥವರು. 1916ರಲ್ಲಿ ಅವರು ಬಿಲ್ಲುಂಡ್ ಎಂಬ ಹಳ್ಳಿಯಲ್ಲಿ ಮರಗೆಲಸದ ಕಾರ್ಯಾಗಾರವೊಂದನ್ನು ಕೊಂಡರು. 1924ರಲ್ಲಿ ಅವರ ಇಬ್ಬರು ಪುಟ್ಟ ಗಂಡುಮಕ್ಕಳು ಅರಿಯದೆ ಅಲ್ಲಿನ ಮರದ ಹೊಟ್ಟಿಗೆ ಬೆಂಕಿ ತಾಗಿಸಿಬಿಟ್ಟರು. ಕಾರ್ಯಾಗಾರವೂ ಮನೆಯೂ ಸುಟ್ಟುಹೋದವು. ಅಪ್ಪ ಮತ್ತೆ ಕಟ್ಟಿದರು, ಮೊದಲಿಗಿಂತ ದೊಡ್ಡದಾಗಿ.

ಆಮೇಲೆ ಬಂದದ್ದು ಜಗತ್ತಿನ ಆರ್ಥಿಕ ಮುಗ್ಗಟ್ಟು. ರೈತರ ಕೈಯಲ್ಲಿ ಹಣವಿಲ್ಲ, ಬಡಗಿಗೆ ಕೆಲಸವಿಲ್ಲ. 1932ರಲ್ಲಿ ಪತ್ನಿಯೂ ತೀರಿಕೊಂಡರು. ಮನೆಯಲ್ಲಿ ನಾಲ್ಕು ಗಂಡುಮಕ್ಕಳು. ಅದೇ ವರ್ಷ ಓಲೆ ಮರದ ಆಟಿಕೆ ಮಾಡತೊಡಗಿದರು. 1934ರಲ್ಲಿ ‘ಚೆನ್ನಾಗಿ ಆಡು’ ಎಂಬ ಅರ್ಥದ ‘ಲೆಗ್ ಗೊಟ್’ ಎಂಬ ಡೇನಿಶ್ ಮಾತಿನಿಂದ ಲೆಗೊ ಎಂಬ ಹೆಸರು ಹುಟ್ಟಿತು.

ಒಮ್ಮೆ ಮಗ ಗೊಟ್‌ಫ್ರೆಡ್ ಮರದ ಬಾತುಕೋಳಿಗಳಿಗೆ ಮೂರು ಸಲ ಬಳಿಯಬೇಕಿದ್ದ ವಾರ್ನಿಷನ್ನು ಎರಡೇ ಸಲ ಬಳಿದು, ಹಣ ಉಳಿಸಿದೆನೆಂದು ಹೆಮ್ಮೆಯಿಂದ ಹೇಳಿದ. ಅಪ್ಪ ಸುಮ್ಮನಿರಲಿಲ್ಲ. ರೈಲು ನಿಲ್ದಾಣಕ್ಕೆ ಕಳುಹಿಸಿದ್ದ ಪೆಟ್ಟಿಗೆಗಳನ್ನು ಅವನಿಂದಲೇ ವಾಪಸ್ ತರಿಸಿ, ಮೂರನೆಯ ಸಲ ಬಳಿಸಿದರು.

1942ರಲ್ಲಿ ಕಾರ್ಖಾನೆ ಮತ್ತೊಮ್ಮೆ ಸುಟ್ಟಿತು. ಆಟಿಕೆಗಳ ನಕ್ಷೆ, ಮಾದರಿಗಳೂ ಬೂದಿಯಾದವು. ಓಲೆ ಮತ್ತೆ ಆರಂಭಿಸಿದರು. ಪ್ಲಾಸ್ಟಿಕ್ ಆಟಿಕೆ ಮಾಡುವ ಯಂತ್ರ ತರಿಸಿದರು. 1949ರಲ್ಲಿ ಮೊದಲ ಇಟ್ಟಿಗೆಗಳು ಬಂದವು. ಆದರೆ ಅವು ಗಟ್ಟಿಯಾಗಿ ಕಚ್ಚಿ ನಿಲ್ಲುತ್ತಿರಲಿಲ್ಲ. ಒಳಗೆ ಕೊಳವೆಗಳನ್ನಿಟ್ಟು ಆ ಕೊರತೆ ನೀಗಿಸಿದ ಇಟ್ಟಿಗೆಗೆ 1958ರ ಜನವರಿಯಲ್ಲಿ ಪೇಟೆಂಟ್ ಕೋರಿದವರು ಗೊಟ್‌ಫ್ರೆಡ್. ಮಾರ್ಚ್‌ನಲ್ಲಿ ಓಲೆ ಕಣ್ಮುಚ್ಚಿದರು.

ಅಂದಹಾಗೆ, 1924ರಲ್ಲಿ ಬೆಂಕಿ ತಾಗಿಸಿದ ಇಬ್ಬರು ಹುಡುಗರಲ್ಲಿ ಒಬ್ಬ ಇದೇ ಗೊಟ್‌ಫ್ರೆಡ್! ಮನೆ ಸುಟ್ಟ ಮಗನ ಕೈಗೇ ಅಪ್ಪ ಮುಂದೆ ಕೆಲಸ ಕೊಟ್ಟರು, ತಪ್ಪಿದಾಗ ತಿದ್ದಿಸಿದರು. ಆರಂಭಿಸುವವರು ಎಂದರೆ ಒಮ್ಮೆ ಶುರುಮಾಡಿ ಬಿಡುವವರಲ್ಲ. ಕೆಟ್ಟುಹೋದಾಗಲೂ ಮತ್ತೆ ಶುರುಮಾಡುವವರು.

ಅಜ್ಜ-ಅಜ್ಜಿಯರೇ, ಕೆಟ್ಟ ಕೆಲಸವನ್ನು ನೀವು ಮತ್ತೆ ಕೈಗೆತ್ತಿಕೊಂಡ ಕಥೆಯೂ ಇರಬೇಕಲ್ಲ? ಇಂದು ಸಂಜೆ ಮೊಮ್ಮಕ್ಕಳಿಗೆ ಅದನ್ನು ಹೇಳಿ.